ಕೂಪಿನ ಗುಡಿಸಲಿನ ಮಕ್ಕಳು

ಮಾಗ್ದಲೀನಾ ಮೌಶಿಗೆ ದಾವಲನ ಮೇಲಿದ್ದ ಪ್ರೀತಿಯೇ ಅವನ ಮದುವೆಗೆ ಅಡ್ಡ ಬಂತು.

ನಿಕಾಹ್ ನಡೆಸಿಕೊಡಲು ಹಳಿಯಾಳದಿಂದ ಬಂದಿದ್ದ ಹಜರತ್ ಬೆಳಗಿನ ಚಹಾ ಕುಡಿಯುತ್ತಿದ್ದರು. ಪಕ್ಕದ ಮನೆಯ ಮಾಗ್ದಲೀನಾ ಚಪ್ಪರದ ಕಂಬಕ್ಕೆ ಮಾವಿನ ಸೊಪ್ಪು ಕಟ್ಟುತ್ತ, ಯಾರೂ ಕೇಳದಿದ್ದರೂ, ಮದುಮಕ್ಕಳ ಹಿಂದಿನ ಕಥೆ ತೆಗೆದಳು.

"ಈ ದಾವಲ್ಯಾ, ಆ ಮೈಮುನಾ, ಇಬ್ರೂ ಒಂದ ಗುಡಿಸಲದಾಗ ಬೆಳದಾವ್ರಿ. ನಾವೆಲ್ಲಾ ಅಡವ್ಯಾಗಿನ ಕೂಪಿನ್ಯಾಗ ಬಿದರ ಕಡಿಯಾಕ ಹೋದ್ರ, ಹುಡುಗಿ ತಾಯಿ ಹಜರಾಬಿ ತನ್ನ ಪಾಳಿ ಬಂದಾಗ ಕೂಸುಗಳನ್ನ ನೋಡ್ಕೋತ ಕುಂದರ್ತಿದ್ಲು. ಇಂವಾ ಯಾವಾಗ್ಲೂ ಅಕಿ ತೊಡಿ ಮ್ಯಾಲ. ತನ್ನ ಮಗಳು ಬ್ಯಾರೆ ಅಲ್ಲ, ಇಂವಾ ಬ್ಯಾರೆ ಅಲ್ಲ."

ಹಜರತ್ ಬಶಿ ಕೆಳಗಿಟ್ಟರು. "ಹಾಲು ಕುಡಿಸಿದ್ಲೇನು?"

"ಮತ್ತ? ಹಸದ ಕೂಸಿಗೆ ಬರೇ ಜೋಗುಳಾ ಹಾಡ್ತಾರೇನ್ರಿ?"

"ಹಂಗಾದ್ರ ಈ ಮದುವಿ ಆಗೂದಿಲ್ಲ," ಹಜರತ್ ಗಂಭೀರವಾಗಿ ಹೇಳಿದರು. "ಹಾಲು ಕುಡಿಸಿದಾಕಿ ತಾಯಿ ಆಗ್ತಾಳ. ಅಕಿ ಮಗಳು ಇವಗ ತಂಗಿ."

ದಾವಲ ಗಣೇಶಗುಡಿಯಲ್ಲಿ ಅಣೆಕಟ್ಟಿನ ಕೆಲಸಕ್ಕಿದ್ದ. ರಜೆ ಸಿಕ್ಕಾಗಲೆಲ್ಲ ಊರಿಗೆ ಬಂದು, ಮೈಮುನಾಳ ತಂದೆ ಇಮಾಮಸಾಬನ ಬೇಲಿ ಕಟ್ಟಿ, ಎಮ್ಮೆ ತೊಳೆದು, ಮಾಡು ಹೊದಿಸಿ ಈ ಹೆಣ್ಣನ್ನು ಗಳಿಸಿದ್ದ. ಈಗ ಹೊಸ ಅಂಗಿ ತೊಟ್ಟು, ತಲೆಗೆ ಎಣ್ಣೆ ಸುರಿದುಕೊಂಡು, ಹಗಲಲ್ಲಿ ಆರಿಸಲು ಮರೆತ ಲಾಟೀನಿನಂತೆ ಚಪ್ಪರದ ನಡುವೆ ನಿಂತ. ಒಳಗೆ ಮೈಮುನಾಳ ಅಂಗೈಯ ಮೆಹಂದಿ ಇನ್ನೂ ಒಣಗಿರಲಿಲ್ಲ. ದಾವಲ ಅವಳಿಗಿಂತ ಒಂದು ವರ್ಷಕ್ಕೆ ದೊಡ್ಡವನು. ಅವಳು ಹುಟ್ಟಿದಾಗ ಅವನಿನ್ನೂ ಎದೆಹಾಲು ಬಿಟ್ಟಿರಲಿಲ್ಲ. ಹಜರಾಬಿಯನ್ನೇ ಕೇಳೋಣವೆಂದರೆ ಅವಳು ತೀರಿಕೊಂಡು ಬಹಳ ಕಾಲವಾಗಿತ್ತು.

ದಾವಲನ ತಾಯಿ ಖಾತೂನಬಿಯನ್ನು ಒಲೆಯ ಮುಂದಿನಿಂದ ಕರೆಸಿದರು. ಅವಳು ಈರುಳ್ಳಿಯ ಕಣ್ಣೀರು ಒರೆಸಿಕೊಂಡು, "ಇಲ್ರಿ, ನನ್ನ ಮಗ ಹಜರಾಬಿ ಹಾಲು ಕುಡದಿಲ್ಲ" ಎಂದವಳೇ ಅನ್ನ ಸೀದೀತೆಂದು ಒಳಗೆ ಓಡಿದಳು.

"ಹಡದಾಕಿ ಮಾತು ಸಾಲೂದಿಲ್ಲಪಾ," ಹಜರತ್ ಮೆತ್ತಗೆ ಹೇಳಿದರು. "ಮನಿಯವರಲ್ಲದವರು, ಕಣ್ಣಾರೆ ಕಂಡವರು ಹೇಳಬೇಕು. ಸಂಜಿ ಬಸ್ಸು ಬರೂತನಕ ಕುಂತಿರ್ತೇನಿ."

ದಾವಲ ಸೈಕಲ್ ಹತ್ತಿದ.

ಆ ಕಾಲದಲ್ಲಿ ಕೂಪಿನಲ್ಲಿ ಬಿದಿರು ಕಡಿದವರಲ್ಲಿ ಗಂಗೂ ಒಬ್ಬಳು. ಕೇರಿಯ ಆಚೆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವಳು ನಡು ನೆಟ್ಟಗೆ ಮಾಡಿದಳು.

"ಹಜರಾಬಿ ಕುಡಿಸಿದ್ದು ನಾ ಕಾಣೆ. ನಾ ಮಾತ್ರ ಕುಡಿಸೇನಿ."

"ನೀ ಯಾಕ ಕುಡಿಸಿದಿ ಮೌಶಿ?"

"ಎದಿ ಕಟ್ಟಿ ಕಲ್ಲಾಗಿತ್ತು. ನನ್ನ ಕೂಸು ಸಣ್ಣದು, ಜಗ್ಗಿ ಕುಡೀತಿರಲಿಲ್ಲ. ನೀ ನೋಡಿದ್ರ ಬಿಟ್ಟ ಕರಾ ಇದ್ದಂಗ ಇದ್ದಿ. ನಿನ್ನ ಮ್ಯಾಲಿನ ಕರುಣಾ ಅಲ್ಲೋ, ನನ್ನ ಜ್ವರಾ ಇಳೀಲಿ ಅಂತ ಹಿಡದೆ."

ಹೊರಡಲು ನೋಡಿದರೆ ಬಿಡಲಿಲ್ಲ. ಹಾಲು ಬೇಕಾಗಿತ್ತು, ಈಗ ರೊಟ್ಟಿ ಬೇಡವಾಯಿತೇ ಎಂದು ಕೂರಿಸಿ, ತಾನು ಕಟ್ಟಿಕೊಂಡು ಬಂದಿದ್ದನ್ನೆಲ್ಲ ತಿನ್ನಿಸಿದಳು.

ಪಕ್ಕದ ಹಳ್ಳಿಯ ಗೀತಾಬಾಯಿಯೂ ಆಗ ಕೂಪಿನಲ್ಲಿದ್ದವಳೇ. ಅವನನ್ನು ಕಂಡೊಡನೆ ಮುಖ ಗಂಟಿಕ್ಕಿದಳು. "ಕಚ್ಚಿದಾಂವ ನೀನ ಅಲ್ಲ? ಕತ್ತಲ ಗುಡಿಸಲಾ. ನನ್ನ ಕೂಸಂತ ತಿಳದು ಎತ್ಕೊಂಡೆ. ಅರ್ಧಾ ಕುಡದ ಮ್ಯಾಲ ಬೆಳಕಿಗೆ ಹಿಡದ ನೋಡಿದ್ರ ನೀ. ಬಿಡಿಸಾಕ ಹೋದ್ರ ಕಚ್ಚಿದಿ."

"ತಪ್ಪಾತು ಮೌಶಿ. ಗೊತ್ತಾದ ಮ್ಯಾಲೂ ಕುಡಿಸಿದೇನು?"

"ಮತ್ತೇನ ಮಾಡ್ಲಿ? ಕೂಸು ನೋಡ್ಕೊಳ್ಳೂದು ನಾಳೆ ನಿಮ್ಮವ್ವನ ಪಾಳಿ. ನನ್ನ ಕೂಸು ಹಸದು ಬೀಳಬಾರದಲ್ಲ."

ಆ ಹಳೆಯ ಕಡಿತಕ್ಕೆ ಒಂದು ಹೊರೆ ಸೌದೆ ಒಡೆಸಿಕೊಂಡ ಮೇಲೆಯೇ ಅವಳು ಉಪಯೋಗಕ್ಕೆ ಬರುವ ಮಾತು ಆಡಿದಳು: ಹಜರಾಬಿಯ ಬಾಣಂತನ ಮಾಡಿದವಳು ಸೂಲಗಿತ್ತಿ ಕಾಶೆವ್ವ, ಈಗ ಹಳಿಯಾಳದಲ್ಲಿ ಮಗಳ ಮನೆಯಲ್ಲಿದ್ದಾಳೆ.

ಹೊತ್ತು ನೆತ್ತಿಗೇರಿತ್ತು. ಬೆಳಿಗ್ಗೆ ಒಬ್ಬಳೇ ತಾಯಿಯಿದ್ದ ದಾವಲನಿಗೆ ಈಗ ತಾಯಂದಿರು ಹೆಚ್ಚುತ್ತಿದ್ದರು, ಹೆಂಡತಿ ಮಾತ್ರ ದೂರವಾಗುತ್ತಿದ್ದಳು. ಹೊಟ್ಟೆಯಲ್ಲಿ ರೊಟ್ಟಿ, ಅಂಗೈಯಲ್ಲಿ ಬೊಕ್ಕೆ, ಹೊಸ ಅಂಗಿಯ ತುಂಬ ಬೆವರು.

ಕಾಶೆವ್ವ ಜಗುಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದಳು. ಅವನ ಮಾತು ಪೂರ್ತಿ ಕೇಳಲೂ ಇಲ್ಲ.

"ಹಜರಾಬಿಗೆ ಹಾಲೆಲ್ಲಿತ್ತೋ? ಹಡದ ಮ್ಯಾಲ ನಂಜಾಗಿ ಒಂದ ಹನಿ ಇಳೀಲಿಲ್ಲ."

ದಾವಲ ಅವಳ ಕಾಲು ಹಿಡಿದುಕೊಂಡ. "ಇದನ್ನ ಬಂದು ಹಜರತ್ ಮುಂದ ಹೇಳಬೇ, ಸಾಕು."

ಸೈಕಲ್ಲಿನ ಹಿಂದೆ ಚೀಲ ಹಾಸಿ ಅವಳನ್ನು ಕೂರಿಸಿಕೊಂಡ. ಹಳಿಯಾಳ ದಾಟಿ ಕಾಡಿನ ರಸ್ತೆಗೆ ಬರುತ್ತಲೇ ಹಿಂದಿನ ಗಾಲಿ ನಿಟ್ಟುಸಿರು ಬಿಟ್ಟು ಕುಳಿತಿತು. ಸೈಕಲ್ಲನ್ನು ಮತ್ತಿಮರಕ್ಕೆ ಒರಗಿಸಿ, ಸಾಕ್ಷಿಯನ್ನು ಬೆನ್ನ ಮೇಲೆ ಹೊತ್ತ. ಮುದುಕಿ ಅವನ ಕಿವಿಗಳನ್ನು ಹಿಡಿದುಕೊಂಡು ದಾರಿ ಹೇಳುತ್ತಿದ್ದಳು.

"ಮೆತ್ತಗ ನಡಿ. ನಿಮ್ಮವ್ವನ ಹೊಟ್ಟಿಂದ ಬರಬೇಕಾದ್ರೂ ಹಿಂಗ ಗಡಬಡಿ ಮಾಡಿದ್ದಿ."

ಅವರು ಚಪ್ಪರ ತಲುಪಿದಾಗ ಹಜರತ್ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದರು. ಕಾಶೆವ್ವ ಬೆನ್ನಿಂದ ಇಳಿದು, ಸೀರೆ ಸರಿಮಾಡಿಕೊಂಡು, ಎಲ್ಲರೂ ಕೇಳುವಂತೆ ಹೇಳಿದಳು. ಹಜರಾಬಿಗೆ ಹಾಲೇ ಇರಲಿಲ್ಲ. ಇಲ್ಲದ ಹಾಲನ್ನು ಯಾವ ಕೂಸೂ ಕುಡಿಯಲಾರದು.

ಚಪ್ಪರಕ್ಕೆ ಮತ್ತೆ ಜೀವ ಬಂತು. ಇಮಾಮಸಾಬ ಅಳಿಯನ ಬೆನ್ನು ತಟ್ಟಿದ. ಹಜರತ್ ನಗುತ್ತ ಚೀಲ ಇಳಿಸಿದರು.

ಮಾಗ್ದಲೀನಾಳಿಗೆ ಮಾತ್ರ ತಾನು ಸುಳ್ಳಿಯಾದೆನೆಂಬ ಸಿಟ್ಟು. "ಈ ಮುದುಕಿ ಮಾತು ನಂಬಬ್ಯಾಡ್ರಿ. ತಾಯಿಗೆ ಹಾಲಿಲ್ಲಂದ್ರ ಮೈಮುನಾ ಹೆಂಗ ಬದುಕಿದ್ಲು? ಗಾಳಿ ಕುಡದೇನು?"

ಹಜರತ್ ತಲೆದೂಗಿದರು. "ಅದೂ ಖರೇನ."

ಗೆದ್ದದ್ದು ಕೈಜಾರುವುದನ್ನು ದಾವಲ ಸಹಿಸಲಾರದಾದ. "ಕಾಶೆವ್ವಾ, ಆಡಿನ ಹಾಲು ಹಾಕಿದ್ರಿ, ಹೌದಿಲ್ಲ? ಎಲ್ಲಾರ ಮುಂದ ಗಟ್ಟ್ಯಾಗಿ ಹೇಳು."

"ಕೂಪಿನ್ಯಾಗ ಆಡನ್ನ ಹುಲಿ ಬಿಡತಿತ್ತೇನೋ? ನಾನ ಕೈಯಾರೆ ಆ ಕೂಸನ್ನ ಎತ್ತಿ ನಿಮ್ಮವ್ವನ ಎದಿಗೆ ಹಚ್ಚೇನಿ. ಈ ಕಡೆ ನೀ, ಆ ಕಡೆ ಅಕಿ. ಹಲ್ಲು ಬರೂತನಕ ಕುಡದಾಳ."

ಖಾತೂನಬಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಅವಳತ್ತ ತಿರುಗಿದರು.

"ಅಮ್ಮಾ, ಮುಂಜಾನೆ ಯಾಕ ಹೇಳಲಿಲ್ಲ?" ದಾವಲ ಕೇಳಿದ.

"ನೀ ಯಾರ ಹಾಲು ಕುಡದಿ ಅಂತ ಕೇಳಿದ್ರು. ನಾ ಯಾರಿಗೆ ಕೊಟ್ಟೆ ಅಂತ ಯಾರ ಕೇಳಿದ್ರು? ಅದೇನು ನೆನಪಿಡೂ ಮಾತೇನು?"

ಹಜರತ್ ಮೆತ್ತಗೆ ಕೇಳಿದರು. "ಯಾಕ ಕೊಟ್ಟಿ ತಾಯಿ?"

"ಯಾಕ ಅಂದ್ರ ಏನ ಹೇಳ್ಲಿ? ಅದು ಅತ್ತಾಗೊಮ್ಮೆ ನನ್ನ ಕುಬಸ ತೋಯ್ತಿತ್ತು. ಹಾಲು ನನ್ನ ಕೇಳಿ ಬರತಿತ್ತೇನ್ರಿ?"

ಒಳಗಿನಿಂದ ಮೈಮುನಾ ಬಿಕ್ಕುವುದು ಕೇಳಿಸಿತು. ಖಾತೂನಬಿಯ ಕೈ ತನಗೆ ತಿಳಿಯದಂತೆಯೇ ಎದೆಗೆ ಹೋಯಿತು. ದೂರದಲ್ಲಿ ಬಸ್ಸು ಹಾರ್ನ್ ಹಾಕಿ, ಹಜರತ್ತರನ್ನು ಬಿಟ್ಟೇ ಹೋಯಿತು.

"ಅಣ್ಣ ಆದಿ," ಹಜರತ್ ದಾವಲನ ಹೆಗಲ ಮೇಲೆ ಕೈಯಿಟ್ಟರು. "ಅಕಿಗೆ ಒಳ್ಳೆ ಗಂಡ ಹುಡಕೂದು ಇನ್ನ ನಿನ್ನ ಕೆಲಸ."

ಮಾಗ್ದಲೀನಾಳಿಗೆ ಅವನ ಮೇಲಿನ ಪ್ರೀತಿ ಮರಳಿ ಬಂತು. "ಮನಸಿಗೆ ಹಚ್ಕೋಬ್ಯಾಡೋ ಬಾಳಾ. ನಿಮ್ಮವರ ಹುಡುಗ್ಯಾರು ಇದ ಕೇರ್ಯಾಗ ಇನ್ನೂ ಅದಾರ."

ದಾವಲ ನಿಧಾನವಾಗಿ ತಾಯಿಯತ್ತ ತಿರುಗಿದ. "ಅಮ್ಮಾ, ಇನ್ನ ಯಾರ್ಯಾರಿಗೆ ಕುಡಿಸೀದಿ?"

ಖಾತೂನಬಿ ಸೌಟು ಕೆಳಗಿಟ್ಟು ಚಪ್ಪರದಿಂದ ಹೊರಗೆ ಬಂದಳು. ಇಳಿಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು, ಕೇರಿಯ ಮೊದಲ ಮನೆಯಿಂದ ಒಂದೊಂದನ್ನೇ ನೋಡುತ್ತ, ಇನ್ನೊಂದು ಕೈಯ ಬೆರಳು ಮಡಿಚಿ ಎಣಿಸತೊಡಗಿದಳು.