ಹೊಲಿಗೆ ಮಷೀನಿಗಾಗಿ ಮಾಡಿದ ಉಳಿತಾಯ

ದುಡ್ಡು ಉಳಿಸಬೇಕು ಅಂತ ನಾನು ಯಾವತ್ತು ಮನಸ್ಸು ಮಾಡಿದ್ದೇನೋ ಅವತ್ತೆಲ್ಲ ನಮ್ಮ ಮನೆಯಲ್ಲಿ ಮಾಮೂಲಿಗಿಂತ ಹೆಚ್ಚು ಖರ್ಚಾಗಿದೆ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ಸಂಸಾರ ಹೂಡಿದಾಗಿನಿಂದ ಹೀಗೇ ಆಗುತ್ತಾ ಬಂದಿದೆ, ಗ್ರಹಗಳಿಗೂ ಈಗ ಸಾಕಾಗಿರಬೇಕು. ಕೆಳಗೆ ಬರೆದದ್ದರಲ್ಲಿ ಅರ್ಧ ನಿಜ. ಯಾವ ಅರ್ಧ ಅಂತ ನನ್ನವಳನ್ನು ಕೇಳಬೇಡಿ, ಅವಳು ಅಷ್ಟೂ ಇಲ್ಲ ಅಂತಾಳೆ.

ಆಗ ಜಯನಗರ ಅಂದರೆ ಊರಾಗುವ ಉಮೇದಿನಲ್ಲಿದ್ದ ಬಯಲು. ಕಲ್ಲು ನೆಟ್ಟ ಸೈಟುಗಳು, ನಡುನಡುವೆ ಒಂದೊಂದು ಮನೆ. ಸಾರಕ್ಕಿ ಕಡೆಯ ಅಂಚಿನಲ್ಲಿ ಒಂದು ಮನೆಯ ಹಿಂಭಾಗ ನಮ್ಮದು, ಬಾಡಿಗೆಗೆ. ಮುಂಭಾಗದಲ್ಲಿ ಮನೆ ಒಡತಿ ಗೌಡಮ್ಮ. ಅವರ ರಾಗಿ ಹೊಲದ ಮೇಲೇ ಈ ಬಡಾವಣೆ ಎದ್ದದ್ದು. ಹಾಗಾಗಿ ಎಲ್ಲಿ ಹೊಸ ಮನೆ ಏಳುತ್ತಿದ್ದರೂ ಪೈರು ನೋಡುವ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡೋರು.

ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮಗ ಒಬ್ಬ, ಮಗಳು ಒಬ್ಬಳು, ಇಬ್ಬರೂ ಸರದಿಯ ಮೇಲೆ ನಮ್ಮ ನಿದ್ದೆ ಕೆಡಿಸುತ್ತಿದ್ದರು. ನನ್ನವಳು ನಿಂತಲ್ಲೇ ತೂಕಡಿಸುವುದನ್ನು ಕಲಿತಿದ್ದಳು, ನಾನು ಆಫೀಸಿನಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗುವುದನ್ನು. ಅಂಥ ಸುಸ್ತಿನಲ್ಲೂ ಅವಳಿಗೆ ಒಂದೇ ಆಸೆ: ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಮಷೀನು.

"ಮಷೀನು ಬಂದ್ರೆ ದರ್ಜಿ ಖರ್ಚು ಉಳಿಯುತ್ತೆ ಕಣ್ರೀ."

"ದರ್ಜಿ ಖರ್ಚು ಉಳಿದ್ರೆ ತಾನೇ ಮಷೀನು ಬರೋದು?"

ಈ ಮಾತು ಇಲ್ಲಿಂದ ಶುರುವಾಗಿ ಸುತ್ತು ಹೊಡೆದು ಇಲ್ಲಿಗೇ ಬರುತ್ತಿತ್ತು. ಕೊನೆಗೆ ನಾನು ಎದೆ ತಟ್ಟಿಕೊಂಡೆ. "ನೀನು ಸುಮ್ನಿರು. ಉಳಿಸೋ ಕೆಲಸ ನನಗೆ ಬಿಡು."

ಅವಳು ನನ್ನನ್ನು ನೋಡಿದ ನೋಟದಲ್ಲಿ ಮಷೀನು ಆಗಲೇ ಒಂದು ವರ್ಷ ಮುಂದಕ್ಕೆ ಹೋಗಿತ್ತು.

ಎರಡೂವರೆ ವರ್ಷ

ಭಾನುವಾರ ಬಂತೆಂದರೆ ಬಸ್ಸು ಹಿಡಿದು ಮಲ್ಲೇಶ್ವರದ ಮಾವನ ಮನೆಗೆ ಹೋಗುವುದು ನಮ್ಮ ಪದ್ಧತಿ. ಅವತ್ತಿನ ಊಟ ಅಲ್ಲೇ ಆದರೆ ಅದೂ ಉಳಿತಾಯವೇ. ಬಸ್ಸಿನಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟಿಲ್ಲ. ನಮ್ಮ ಮಗನಿಗೆ ಐದು ತುಂಬಿತ್ತು. ಅವನ ಅಜ್ಜಿ ತಿನ್ನಿಸಿದ ತುಪ್ಪಕ್ಕೆ ಏಳು ವರ್ಷದವನ ಹಾಗೆ ಕಾಣುತ್ತಿದ್ದ.

ನಾನು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಅವನ ಹೆಬ್ಬೆರಳು ತುರುಕಿ, "ಎರಡೂವರೆ" ಅನ್ನುತ್ತಿದ್ದೆ. ನನ್ನವಳು ಕಿಟಕಿಯ ಆಚೆ ನೋಡುತ್ತಾ ನಮ್ಮಿಬ್ಬರ ಪರಿಚಯವೇ ಇಲ್ಲದವಳಂತೆ ಕೂರುತ್ತಿದ್ದಳು. ಆ ದಾರಿಯಲ್ಲಿ ಯಾವಾಗಲೂ ಅದೇ ಕಂಡಕ್ಟರು.

ಒಂದು ದಿನ ಅವನು ಟಿಕೆಟಿನ ಕಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಧಾನವಾಗಿ ಕೇಳಿದ. "ಸಾರ್, ಹೋದ ವರ್ಷಾನೂ ಎರಡೂವರೆ ಅಂದಿದ್ರಿ?"

"ಏನ್ ಮಾಡೋದಪ್ಪ, ಬೆಳವಣಿಗೆ ಸ್ವಲ್ಪ ನಿಧಾನ" ಅಂದೆ, ಆದಷ್ಟು ದುಃಖದ ಮುಖ ಮಾಡಿ.

ಅವನೂ ಪಾಪ ಅಂದುಕೊಂಡು ಮುಂದೆ ಹೋಗುವವನಿದ್ದ. ಅಷ್ಟರಲ್ಲಿ ನಮ್ಮ ಕುಮಾರಕಂಠೀರವ ಬಾಯಿಂದ ಬೆರಳು ತೆಗೆದು, ಎದುರಿಗಿದ್ದ ಬೋರ್ಡನ್ನು ರಾಗವಾಗಿ ಓದಿದ: "ಬ-ಸ್ಸಿ-ನ-ಲ್ಲಿ ಉ-ಗು-ಳ-ಬಾ-ರ-ದು!"

ಇಡೀ ಬಸ್ಸು ತಿರುಗಿ ನೋಡಿತು.

"ಎರಡೂವರೆಗೇ ಓದ್ತಾನಾ ಸಾರ್?"

"ಬುದ್ಧಿ ಸ್ವಲ್ಪ ಚುರುಕು" ಅಂದೆ. ಬೇರೆ ಏನು ಹೇಳಲಿ?

"ಹಂಗಾದ್ರೆ ಮರಿ," ಕಂಡಕ್ಟರು ಬಗ್ಗಿ ಮಗನ ಕೆನ್ನೆ ಚಿವುಟಿ, "ಅದರ ಪಕ್ಕದಲ್ಲಿ ಇನ್ನೊಂದು ಬೋರ್ಡಿದೆ ನೋಡು, ಮೂರು ವರ್ಷ ಮೇಲ್ಪಟ್ಟ ಮಕ್ಕಳ ಟಿಕೆಟಿಂದು. ಅದನ್ನೂ ಸ್ವಲ್ಪ ಅಪ್ಪಾಜಿಗೆ ಓದಿ ಹೇಳಪ್ಪ" ಅಂದ.

ಓದಿದ. ಒಂದು ಕಾಗುಣಿತವೂ ತಪ್ಪಲಿಲ್ಲ.

ಬೆರೆಸು, ಕಾಯಿಸು

ನಮ್ಮ ಸಂಬಳವನ್ನು ಕುಡಿಯುತ್ತಿದ್ದದ್ದು ಕಾಫಿ. ನಾವು ಕುಡಿದದ್ದಕ್ಕಿಂತ ಬಂದವರು ಕುಡಿದದ್ದು ಜಾಸ್ತಿ. ಬಯಲಲ್ಲಿ ಮನೆ ಮಾಡಿದ್ದೇವೆ ಅಂತ ಗೊತ್ತಾದ ಮೇಲೆ ಗಾಳಿ ಸೇವನೆಗೆ ಬರುವವರೆಲ್ಲ ನಮ್ಮ ಮನೆಗೇ ಬಂದು ಗಾಳಿ ಸೇವಿಸುತ್ತಿದ್ದರು.

ಅದಕ್ಕೆ ನಾನೊಂದು ಗುಟ್ಟಿನ ಭಾಷೆ ಕಂಡುಹಿಡಿದೆ. ಬೇಕಾದವರು ಬಂದರೆ ಅಡುಗೆಮನೆ ಕಡೆ ತಿರುಗಿ, "ಲೇ, ಕಾಫಿ ಬೆರೆಸು" ಅನ್ನುವುದು. ಆಗ ಮೊದಲನೇ ಡಿಕಾಕ್ಷನ್ನು, ಗಟ್ಟಿ ಹಾಲು. ಸುಮ್ಮನೆ ಬಂದವರಾದರೆ, "ಕಾಫಿ ಕಾಯಿಸು." ಆಗ ಫಿಲ್ಟರಿನಲ್ಲಿ ಉಳಿದ ಪುಡಿಯ ಮೇಲೆ ಇನ್ನೊಂದು ಸಲ ಬಿಸಿನೀರು ಹೊಯ್ದು ಇಳಿಸಿದ ಎರಡನೇ ಡಿಕಾಕ್ಷನ್ನು, ಹಾಲಿಗೂ ನೀರು. ಕೇಳುವವರಿಗೆ ಎರಡೂ ಒಂದೇ. ಯಾರು ಬೇಜಾರು ಮಾಡಿಕೊಳ್ಳಬೇಕು?

ಸೊಗಸಾಗಿ ನಡೆಯಿತು. ಎಷ್ಟು ಸೊಗಸಾಗಿ ಅಂದರೆ, ಇಂಥ ಬುದ್ಧಿಯನ್ನು ಒಬ್ಬನೇ ಇಟ್ಟುಕೊಳ್ಳುವುದು ನನಗೆ ಕಷ್ಟವಾಯಿತು. ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರಿಗೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು ಅಂತ ಇನ್ನೊಬ್ಬರಿಗೆ ಹೇಳಿದೆ. ಹೀಗೇ ಸೆಕ್ಷನ್ನಿನವರಿಗೆಲ್ಲ ಹೇಳಿ ಆಯಿತು.

ಆಮೇಲೊಂದು ದಿನ ನನ್ನ ಬಡ್ತಿಯ ವಿಚಾರ ಮಾತಾಡಲು ಹೆಡ್ ಕ್ಲಾರ್ಕ್ ಮನೆಗೆ ಹೋದೆ. ಬಡ್ತಿ ಸಿಕ್ಕರೆ ಮಷೀನಿನ ಯೋಚನೆಯೇ ಬೇಡ ನೋಡಿ. ಹಣ್ಣು ಇಟ್ಟೆ, ನಮಸ್ಕಾರ ಮಾಡಿದೆ. ತುಂಬಾ ವಿಶ್ವಾಸದಿಂದ ಕೂರಿಸಿದರು. "ನಿಮ್ಮಂಥ ಕೆಲಸಗಾರರು ಬೇಕು ಕಣ್ರೀ ನಮಗೆ" ಅಂದರು. ನನ್ನ ಎದೆ ಉಬ್ಬಿತು.

"ಇರಿ, ಕಾಫಿ ಕುಡಿಯದೆ ಹೋಗೋ ಹಾಗಿಲ್ಲ" ಅಂತ ಒಳಗೆ ತಿರುಗಿ ಕೂಗಿದರು.

"ಲೇ, ಕಾಫಿ ಕಾಯಿಸೇ!"

ಬಡ್ತಿಯ ವಿಚಾರ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಮಷೀನು ತಂದೆ

ಒಂದು ದಿನ ಸಂಜೆ ಬೀದಿಯ ತುದಿಯಿಂದಲೇ ಕೂಗಿಕೊಂಡು ಬಂದೆ. "ಲೇ, ಮಷೀನು ತಂದೆ ಕಣೇ! ಮಷೀನು!"

ನನ್ನವಳು ಒಲೆಯ ಮೇಲಿನ ಸಾರು ಬಿಟ್ಟು, ಕಂಕುಳಲ್ಲಿ ಮಗಳನ್ನು ಎತ್ತಿಕೊಂಡು ಓಡಿ ಬಂದಳು. ಆ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಜೇಬಿನಿಂದ ತೆಗೆದದ್ದು ಕೂದಲು ಕತ್ತರಿಸುವ ಕೈ ಮಷೀನು, ಗುಜರಿಯಲ್ಲಿ ಸಿಕ್ಕಿದ್ದು. ಇನ್ನು ಮೇಲೆ ಕ್ಷೌರದ ಖರ್ಚೇ ಇಲ್ಲ!

ಅವಳು ನಿಂತಲ್ಲೇ ತಿರುಗಿದಳು. ವಾಪಸು ಹೋಗಿ ಸೀದ ಸಾರನ್ನು ಇಳಿಸಿದಳು.

ಮುಂದಿನ ರಜೆಯ ದಿನ ಬೆಳಗ್ಗೆ ಮಗನನ್ನು ಮಣೆಯ ಮೇಲೆ ಕೂರಿಸಿದೆ. "ಮೊದಲು ನೀನು ಮಾಡಿಸ್ಕೋ" ಅಂತ ಹಟ ಹಿಡಿದ. ಸರಿ, ಧೈರ್ಯ ತುಂಬಲು ನಾನು ಕೂತೆ. ಮಷೀನನ್ನು ನನ್ನವಳ ಕೈಗೆ ಕೊಟ್ಟೆ. ಹಳೆಯ ಸಿಟ್ಟೆಲ್ಲ ಒಂದೇ ಕಡೆ ಸೇರಿತೋ ಏನೋ, ಕತ್ತಿನಿಂದ ನೆತ್ತಿಯವರೆಗೆ ಒಂದೇ ಉಸಿರಿಗೆ ರಸ್ತೆ ಹಾಕಿದಳು. ನೆತ್ತಿಯ ಮೇಲೆ ಮಷೀನು ಕಚ್ಚಿಕೊಂಡು ನಿಂತಿತು. ಎಳೆದಾಡಿ ಬಿಡಿಸಿದ್ದಾಯಿತು. ಆಮೇಲೆ ಮಗನ ತಲೆಯ ಮೇಲೆ ಆಡಿಸಿದರೆ ಅವನಿಗೂ ಅದೇ ಗತಿ.

ಇಬ್ಬರೂ ಟವಲು ಸುತ್ತಿಕೊಂಡು ಕ್ಷೌರದವನ ಹತ್ತಿರ ಹೋದೆವು. ಅವನು ತಲೆ ಅತ್ತ ಇತ್ತ ತಿರುಗಿಸಿ ನೋಡಿ, "ಸ್ವಾಮಿ, ಇದು ಕ್ರಾಪಿಗೆ ಬರೋ ಕೇಸಲ್ಲ" ಅಂದು ಇಬ್ಬರದ್ದೂ ನುಣ್ಣಗೆ ಬೋಳಿಸಿ ಕಳಿಸಿದ.

ದಾರಿಯಲ್ಲೇ ಗೌಡಮ್ಮ ಎದುರಾದರು. ಎರಡು ಬೋಳು ತಲೆ ಕಂಡವರೇ ಕೈ ಮುಗಿದರು.

"ಯಾವಾಗ ಹೋಗಿದ್ರಿ ಅಯ್ನೋರೇ ತಿರುಪತಿಗೆ? ಒಂದ್ ಮಾತು ಹೇಳ್‌ಬಾರ್ದಾ?"

ನಿಜ ಹೇಳಿದ್ದರೆ ಎರಡು ನಿಮಿಷದ ಅವಮಾನ, ಮುಗಿದುಹೋಗುತ್ತಿತ್ತು. ನನ್ನ ನಾಲಿಗೆ ಕೇಳಬೇಕಲ್ಲ. "ಏನೋ, ದಿಢೀರಂತ ಸ್ವಾಮಿ ಕರೆಸಿಕೊಂಡ" ಅಂದುಬಿಟ್ಟೆ. ದರ್ಶನ ಹೇಗಾಯಿತು ಅಂತಲೂ ವರ್ಣಿಸಿದೆ.

ಮಧ್ಯಾಹ್ನದ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಪ್ರಸಾದಕ್ಕೆ ಬಂದರು. ನನ್ನವಳು "ಸಂಜೆ ಪೂಜೆ ಆದ್ಮೇಲೆ ಕೊಡ್ತೀನಿ" ಅಂತ ಸಾಗಹಾಕಿ, ಬಾಗಿಲು ಹಾಕಿಕೊಂಡು, ಹಬ್ಬಕ್ಕೆ ಎತ್ತಿಟ್ಟಿದ್ದ ತುಪ್ಪ, ಸಕ್ಕರೆ, ದ್ರಾಕ್ಷಿ, ಗೋಡಂಬಿ ಎಲ್ಲ ಸುರಿದು ಲಾಡು ಕಟ್ಟಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದೊಂದು ಉಂಡೆ ಕಟ್ಟುವಾಗಲೂ "ಇದು ಚಕ್ರ, ಇದು ಪೆಡಲು, ಇದು ಸೂಜಿ" ಅಂತ ಮಷೀನಿನ ಒಂದೊಂದೇ ಭಾಗ ಎಣಿಸುತ್ತಿದ್ದಳು.

ಸಂಜೆ ಗೌಡಮ್ಮ ಲಾಡು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. "ತಿರುಪತಿದು ತಿರುಪತಿದೇ ಕಣವ್ವ. ಮನೇಲಿ ನಿಮ್ಮಂಥೋರು ಮಾಡಿದ್ರೆ ಬತ್ತದಾ ಈ ರುಚಿ?"

ನನ್ನವಳು "ಎಲ್ಲಿ ಬರುತ್ತೆ" ಅಂದಳು. ಆಮೇಲೆ ಮೂರು ದಿನ ನನ್ನ ಸಾರಿಗೆ ಉಪ್ಪು ಬೀಳಲಿಲ್ಲ.

ಒಂದು ತಾನು ಬಟ್ಟೆ

ಕೊನೆಗೂ ಮಷೀನು ಬಂತು. ನನ್ನಿಂದಲ್ಲ. ಬೀದಿಯ ಹೆಂಗಸರು ನಡೆಸುತ್ತಿದ್ದ ಚೀಟಿಗೆ ಸೇರಿ, ಚೀಟಿ ಎತ್ತಿ, ನನ್ನವಳೇ ಎತ್ತಿನ ಗಾಡಿಯಲ್ಲಿ ತರಿಸಿದಳು.

"ಚೀಟಿಗೆ ಎಲ್ಲಿತ್ತೇ ದುಡ್ಡು?"

"ಕಾಫಿ ಪುಡೀಲಿ ಉಳಿಸ್ದೆ."

"ನಾನು ಕುಡಿಯೋ ಕಾಫೀಲೇನೂ ಕಮ್ಮಿ ಆಗಿಲ್ವಲ್ಲ?"

"ಒಂದು ವರ್ಷದಿಂದ ನಿಮಗೂ ಕಾಯಿಸ್ತಾನೇ ಇದೀನಿ" ಅಂದಳು.

ಇರಲಿ. ಮಷೀನಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದೆವು. ಬಟ್ಟೆ ತರುವ ಕೆಲಸ ಮಾತ್ರ ನನಗೆ ಬಂತು, ಅದೇ ತಪ್ಪಾದದ್ದು. ಚಿಕ್ಕಪೇಟೆಯಲ್ಲಿ ಇಡೀ ತಾನು, ಸುರುಳಿಗೆ ಸುರುಳಿಯನ್ನೇ, ಕೊಂಡರೆ ಅರ್ಧ ಬೆಲೆ ಅಂದರು. ಹಳದಿ ಬಣ್ಣ, ಅದರ ಮೇಲೆ ತಟ್ಟೆಯಗಲದ ಕೆಂಪು ದಾಸವಾಳ. ಯಾರೂ ಯಾಕೆ ಕೊಂಡಿಲ್ಲ ಅಂತ ಯೋಚಿಸಬೇಕಾಗಿತ್ತು. ನಾನು ತಾನನ್ನು ಹೆಗಲ ಮೇಲೆ ಹೊತ್ತು ತಂದೆ.

ನನ್ನವಳು ಹೊಲಿದಳು ನೋಡಿ! ನಿದ್ದೆಗೆಟ್ಟ ಕಣ್ಣಿನಲ್ಲೇ ತುಳಿದಳು. ಮಗನಿಗೆ ಅಂಗಿ, ಮಗಳಿಗೆ ಲಂಗ, ಕಿಟಕಿಗೆ ಪರದೆ, ಬಾಗಿಲಿಗೆ ಪರದೆ, ದಿಂಬಿಗೆ ಕವರು. ಇನ್ನೂ ಉಳಿಯಿತು ಅಂತ ನನಗೊಂದು ಅಂಗಿ, ಅದೂ ಮುಗಿಯದೆ ಒಂದು ಪಾಯಿಜಾಮ. ಮನೆಯಲ್ಲಿ ನಾನು ಎದ್ದು ನಡೆದರೆ ಗೋಡೆಯೇ ಎದ್ದು ನಡೆದ ಹಾಗೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಮಗಳು ಕಾಣಲಿಲ್ಲ. ಅವಳಿಗೆ ಆಗಿನ್ನೂ ಮೂರು ತುಂಬಿರಲಿಲ್ಲ. ಮಂಚದ ಕೆಳಗಿಲ್ಲ, ಬಚ್ಚಲಲ್ಲಿಲ್ಲ, ಹಿತ್ತಲಲ್ಲಿಲ್ಲ. ಮನೆಯ ಪಕ್ಕದಲ್ಲಿ ಕಟ್ಟೆಯಿಲ್ಲದ ಹಾಳು ಬಾವಿ. ಆಚೆ ಬಯಲು, ಅದರಾಚೆ ಕೆರೆ. ಪಾಯಿಜಾಮದಲ್ಲೇ ಸೈಟಿಂದ ಸೈಟಿಗೆ ಓಡಿದೆ. ಗೌಡಮ್ಮ ತಮ್ಮ ಕಡೆಯ ಆಳುಗಳನ್ನು ಕರೆಸಿ ಬಾವಿಗೆ ಕೊಕ್ಕೆಗಳ ಪಾತಾಳಗರಡಿ ಇಳಿಸಿದರು. ಒಂದು ಹಳೆಯ ಕೊಡ ಸಿಕ್ಕಿತು, ಬೇರೆ ಏನೂ ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಎಲ್ಲರೂ ಉಸಿರು ಬಿಟ್ಟರು.

ಮತ್ತೆ ಮನೆಯೊಳಗೆ ಬಂದಾಗ ನನ್ನವಳು ಮಷೀನಿನ ಮುಂದೆ ನೆಲದ ಮೇಲೆ ಕುಸಿದು ಕೂತಿದ್ದಳು.

"ಇದನ್ನ ತುಳೀತಾ ತುಳೀತಾ ಮಗು ಕಡೆ ನೋಡ್ಲಿಲ್ವಲ್ಲಪ್ಪಾ! ಬೇಡ ನನಗೆ ಈ ಮಷೀನು. ಮಗು ಸಿಕ್ಕಿದ್ರೆ ಸಾಕು, ಯಾರಿಗಾದ್ರೂ ಕೊಟ್ಟುಬಿಡ್ತೀನಿ!"

ಗೌಡಮ್ಮ ಅವಳ ಬೆನ್ನು ಸವರುತ್ತಾ, "ಸಿಕ್ತದೆ ಸುಮ್ಕಿರವ್ವ" ಅಂದರು. ಅಷ್ಟರಲ್ಲಿ ಕಿಟಕಿಯ ಪರದೆ ಸೀನಿತು.

ನಾವೆಲ್ಲ ಪರದೆಯ ಕಡೆ ನೋಡಿದೆವು. ಹಳದಿ, ಕೆಂಪು ದಾಸವಾಳ, ಬೇರೇನೂ ಇಲ್ಲ. ಪರದೆ ಇನ್ನೊಂದು ಸಲ ಸೀನಿತು. ಆಗ ಒಂದು ದಾಸವಾಳದ ಪಕ್ಕದಲ್ಲಿ ಮೂಗು ಕಾಣಿಸಿತು. ದಾಸವಾಳದ ಲಂಗದಲ್ಲೇ ಕಿಟಕಿಯ ಕಟ್ಟೆ ಹತ್ತಿ, ಪರದೆಯ ಅಂಚನ್ನು ತಲೆಗೆ ಹೊದ್ದುಕೊಂಡು, ಸರಳಿಗೆ ಒರಗಿ ಅಷ್ಟು ಹೊತ್ತೂ ನಿದ್ದೆ ಹೊಡೆದಿದ್ದಳು ಮಹಾರಾಯಿತಿ. ನಾವು ಆ ಕಿಟಕಿಯ ಮುಂದೆ ನಿಂತೇ ಹತ್ತು ಸಲ ಅವಳನ್ನು ಕೂಗಿದ್ದೆವು!

ನನ್ನವಳು ಅವಳನ್ನು ಬಾಚಿಕೊಂಡು ಅತ್ತಳು, ನಕ್ಕಳು, ಬೆನ್ನಿಗೆ ಒಂದು ಕೊಟ್ಟಳು, ಮತ್ತೆ ಅತ್ತಳು. ಎಲ್ಲರಿಗೂ ಕಾಫಿ ಆಯಿತು. ಆಳುಗಳು ಹೊರಟರು. ಗೌಡಮ್ಮ ಹೊರಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಮಷೀನನ್ನೇ ನೋಡುತ್ತಾ ನಿಂತರು.

"ಅಂಗಾರೆ, ಆಳುಗಳ್ನ ವಾಪಸ್ ಕೂಗ್ಲೇನವ್ವಾ? ಇದನ್ನ ನಮ್ಮ ಮನೆಗೆ ಎತ್ತಿಸ್ಕಂಡೋಯ್ತೀನಿ. ಮಗು ಸಿಕ್ಕಿದ್ರೆ ಕೊಟ್ಬುಡ್ತೀನಿ ಅಂದೆಯಲ್ಲ?"

ನನ್ನವಳು ಮಗಳನ್ನು ಕೆಳಗಿಳಿಸಿ, ಓಡಿ ಹೋಗಿ ಮಷೀನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು.

"ಅಮ್ಮಾ, ದಮ್ಮಯ್ಯ ಅಂತೀನಿ, ಇದೊಂದು ಬಿಟ್ಟುಬಿಡಿ. ಈ ಮನೇಲಿ ಬೇರೆ ಏನು ಬೇಕಾದ್ರೂ ಎತ್ಕೊಂಡು ಹೋಗಿ!"

ಗೌಡಮ್ಮ ಸುತ್ತಲೂ ನೋಡಿದರು. ಆ ಮನೆಯಲ್ಲಿ ಮಷೀನು ಬಿಟ್ಟರೆ ಎತ್ತಿಕೊಂಡು ಹೋಗುವಂಥದ್ದು ನಾನೊಬ್ಬನೇ. ದಾಸವಾಳದ ಅಂಗಿಯಿಂದ ದಾಸವಾಳದ ಪಾಯಿಜಾಮದವರೆಗೆ ನನ್ನನ್ನು ನಿಧಾನವಾಗಿ ಅಳೆದು ನೋಡಿದರು.

"ಬ್ಯಾಡ ಬುಡವ್ವ," ಅಂದರು, "ನಮ್ಮನೆ ಗೋಡೆಗೆ ಈ ಬಣ್ಣ ಹೊಂದಾಕಿಲ್ಲ."