ಚಹಾ-ಅನ್ನ ತಿಂದು ಹೋಗ್ತೀರಾ?

ತೊಕುಜೊ ಫೋನಿನಲ್ಲಿ ಆಡಿದ್ದು ಮೂರೇ ಮಾತು. "ಬಹಳ ಒಳ್ಳೇ ವಿಚಾರ. ಯೋಚನೆ ಮಾಡ್ತೀನಿ. ಇನ್ನೊಂದ್ ದಿನ ಮಾತಾಡೋಣ." ಕ್ಯೋಟೊದಲ್ಲಿ ಹುಟ್ಟಿ ಬೆಳೆದ ಯಾರ ಕಿವಿಗೇ ಬಿದ್ದರೂ ಈ ಮೂರು ಮಾತಿನ ಅರ್ಥ ಒಂದೇ: ಬೇಡ, ಬೇಡ, ಬೇಡವೇ ಬೇಡ. ಆದರೆ ಫೋನಿನ ಆ ತುದಿಯಲ್ಲಿದ್ದ ಹನಾವಾ ಟೋಕಿಯೊದವನು. ಸಣ್ಣ ಅಂಗಡಿಗಳ ವ್ಯಾಪಾರ ಬೆಳೆಸಲು ಸಲಹೆ ಕೊಡುವುದೇ ಅವನ ಕಸುಬು. ಅವನು ತನ್ನ ಪುಸ್ತಕದಲ್ಲಿ 'ಒಪ್ಪಿದ್ದಾರೆ' ಎಂದು ಬರೆದುಕೊಂಡ. ಗುರುವಾರ ಬೆಳಗಿನ ಮೊದಲ ರೈಲು ಹತ್ತಿ ಬಂದೂಬಿಟ್ಟ.

ತೊಕುಜೊನದು ಉಪ್ಪಿನಕಾಯಿ ಅಂಗಡಿ. ಅಜ್ಜ ಇಟ್ಟದ್ದು. ಒಳಗೆ ಸಾಲಾಗಿ ಮರದ ಪೀಪಾಯಿಗಳು, ಪೀಪಾಯಿಗಳಲ್ಲಿ ಟರ್ನಿಪ್ ಗಡ್ಡೆ, ಗಡ್ಡೆಗಳ ಮೇಲೆ ಭಾರಕ್ಕೆ ಕಲ್ಲು. ಬೀದಿಯ ವ್ಯಾಪಾರ ಅಷ್ಟಕ್ಕಷ್ಟೆ. ಅಂಗಡಿ ಉಸಿರಾಡುತ್ತಿದ್ದುದು ಹೊಳೆದಂಡೆಯ ಕವಾಸೆಮಿ ವಸತಿಗೃಹದ ದಯೆಯಿಂದ. ಅಲ್ಲಿನ ಅತಿಥಿಗಳು ದಿನವೂ ಬೆಳಿಗ್ಗೆ ನೆಂಚಿಕೊಳ್ಳುತ್ತಿದ್ದುದು ಇವನ ಉಪ್ಪಿನಕಾಯಿಯನ್ನೇ. ಅದು ತಪ್ಪಿದರೆ ಅಂಗಡಿಗೆ ಬೀಗ. ಈಗ ಅಲ್ಲಿನ ಹಳೆಯ ಒಡತಿ ಮೂಲೆ ಹಿಡಿದಿದ್ದಳು. ದೂರದ ಉತ್ತರದ ಹೊಕ್ಕೈಡೊ ಕಡೆಯಿಂದ ತಂದ ಸೊಸೆ ಚಿಸಾತೊಳ ಕೈಗೆ ಯಜಮಾನಿಕೆ ಬಂದಿತ್ತು. ಉಪ್ಪಿನಕಾಯಿ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಗುರುವಾರ ನಾಲ್ಕು ಗಂಟೆಗೆ ತಾನೇ ಬರುವುದಾಗಿ ಆಕೆ ಹೇಳಿ ಕಳಿಸಿದ್ದಳು. ಹನಾವಾ ಕಾಲಿಟ್ಟದ್ದೂ ಅದೇ ಗುರುವಾರ, ಒಂಬತ್ತಕ್ಕೆ.

"ಬಂದೆ ಬಂದೆ! ಯೋಚನೆ ಆಯ್ತಾ ಯಜಮಾನ್ರೇ?"

ತೊಕುಜೊ ನಡು ಬಗ್ಗಿಸಿ, "ಅಯ್ಯೋ, ನಿಮ್ಮಂಥ ದೊಡ್ಡವ್ರು ಅಷ್ಟು ದೂರದಿಂದ ಈ ಹರಕು ಅಂಗಡಿಗೆ ಬಂದುಬಿಟ್ರಾ! ನಿಮ್ಮ ಹೊತ್ತು ಹಾಳಾಗತ್ತಲ್ಲ ಅಂತ ನಂಗೆ ಸಂಕಟ" ಎಂದ. ಅಂದರೆ, ಮುಂದಿನ ರೈಲಿಗೇ ವಾಪಸು ಹೋಗಯ್ಯ.

"ಏನು ವಿನಯ, ಏನು ವಿನಯ!" ಎಂದು ಹನಾವಾ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಚೀಲದಿಂದ ಒಪ್ಪಂದದ ಕಾಗದ ತೆಗೆದು, "ಇಲ್ಲೊಂದು ನಿಮ್ಮ ಮೊಹರು ಬೀಳಲಿ" ಎಂದ.

ಒಳಗಿನಿಂದ ಹೆಂಡತಿ ಫುಸಾ ಕಣ್ಣಲ್ಲೇ 'ಬೇಡ ಅನ್ರೀ' ಎಂದು ಸನ್ನೆ ಮಾಡಿದಳು. ತೊಕುಜೊನ ಐವತ್ತೆಂಟು ವರ್ಷದ ಬಾಳಿನಲ್ಲಿ ಆ ಎರಡಕ್ಷರ ಬಾಯಿಂದ ಬಿದ್ದದ್ದೇ ಇಲ್ಲ. ತಮ್ಮ ಮದುವೆಯಾದದ್ದೂ ಹಾಗೆಯೇ ಎಂದು ಫುಸಾಳ ಗುಮಾನಿ. ಅವನು ಅತ್ತಿತ್ತ ತಡಕಾಡುವಂತೆ ಮಾಡಿ, "ಛೆ, ಎಂಥ ಅನ್ಯಾಯ ನೋಡಿ. ಮೊಹರು ಎಲ್ಲಿಟ್ಟೆನೋ, ಕಾಣ್ತಾನೇ ಇಲ್ಲ" ಎಂದ.

"ಟೀ ಡಬ್ಬೀಲಿ ಇಡ್ತೀರಲ್ರೀ!" ಎಂದು ಎದುರು ಬಾಗಿಲಿನಿಂದ ದನಿ ಬಂತು. ಕ್ಷೌರದ ಅಂಗಡಿಯ ಕುಮೆಡಾ. ಅವನ ಕತ್ತರಿಗೆ ಗಿರಾಕಿ ಕಡಿಮೆ, ನಾಲಗೆಗೆ ಕೆಲಸ ಜಾಸ್ತಿ. ದಾಟಿ ಬಂದು ತಾನೇ ಡಬ್ಬಿ ಇಳಿಸಿ, ಮೊಹರು ತೆಗೆದು, ಬಾಯಿಂದ ಹಬೆ ಊದಿ ಹನಾವಾನ ಕೈಗಿತ್ತ. "ನೆರೆಹೊರೆ ಅಂದ್ಮೇಲೆ ಇಷ್ಟೂ ಮಾಡ್ದಿದ್ರೆ ಹೇಗೆ?"

ಒಪ್ಪಂದದ ಮೇಲೆ ಕೆಂಪು ಗುರುತು ಬಿತ್ತು.

ಹತ್ತು ಗಂಟೆಗೆಲ್ಲ ಅಂಗಡಿ ಮುಂದೆ ಹನಾವಾ ತರಿಸಿದ, ಗಾಳಿ ತುಂಬಿದ ಗಡ್ಡೆಯೊಂದು ಎದ್ದು ನಿಂತಿತ್ತು. ಎರಡಾಳೆತ್ತರ, ಮುಖದಲ್ಲಿ ನಗು, ತಲೆಯಲ್ಲಿ ಹಸಿರು ಸೊಪ್ಪು. ಅದು ವಾಲಿದಾಗಲೆಲ್ಲ ಕುಮೆಡಾನ ಅಂಗಡಿ ಪೂರ್ತಿ ಮರೆಯಾಗುತ್ತಿತ್ತು. ಬಾಗಿಲ ಮೇಲೊಂದು ಸ್ಪೀಕರು 'ಗಡ್ಡೆ ಗಡ್ಡೆ ಗರಿಗರಿ ಗಡ್ಡೆ' ಎಂದು ಅರಚಲು ಹಿಡಿಯಿತು. ತಾತನ ಕಾಲದಿಂದ ಕೆಮ್ಮುವುದಕ್ಕೂ ಒಳಗೆ ಹೋಗುತ್ತಿದ್ದ ಬೀದಿ ಅದು.

ಕುಮೆಡಾ ಹಲ್ಲು ಕಿರಿಯುತ್ತ ಬಂದ. ಕಣ್ಣು ಮಾತ್ರ ನಗುತ್ತಿರಲಿಲ್ಲ. "ಆಹಾ, ಎಷ್ಟು ಚೆನ್ನಾಗಿ ಕೇಳ್ತದೆ ನಿಮ್ಮ ಹಾಡು! ನಮ್ಮ ಅಂಗಡಿ ಒಳಗೂ ಒಂದಕ್ಷರ ಬಿಡದ ಹಾಗೆ ಕೇಳ್ತದೆ."

ತೊಕುಜೊ ಬೆವರಿದ. ಹನಾವಾ ಅರಳಿದ. "ಇಷ್ಟ ಆಯ್ತಾ? ತಗೊಳ್ಳಿ ಹಾಗಾದ್ರೆ!" ಎಂದು ಗುಂಡಿ ತಿರುಗಿಸಿ ಸದ್ದು ಇಮ್ಮಡಿ ಮಾಡಿದ. ಎದುರಂಗಡಿಯ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಕೊಂಡು ಕೂತಿದ್ದ ಒಬ್ಬನೇ ಒಬ್ಬ ಗಿರಾಕಿ ನೊರೆ ಸಮೇತ ಎದ್ದು ಓಡಿದ.

ಮಧ್ಯಾಹ್ನದ ಹೊತ್ತಿಗೆ ತೊಕುಜೊ ಕೊನೆಯ ಅಸ್ತ್ರ ತೆಗೆದ. ಅವನ ಊರಿನಲ್ಲಿ ಯಾರ ಮನೆಗಾದರೂ ಹೋದಾಗ ಆ ಮನೆಯವರು 'ಚಹಾ-ಅನ್ನ ತಿಂದು ಹೋಗ್ತೀರಾ?' ಎಂದರೆ, ಬಂದವರು ಅಲ್ಲಿಂದೆದ್ದು ಚಪ್ಪಲಿ ಹುಡುಕಿಕೊಳ್ಳಬೇಕು. ಅನ್ನದ ಮೇಲೆ ಬಿಸಿ ಚಹಾ ಸುರಿದು ಉಪ್ಪಿನಕಾಯಿ ಇಡುವ ಬಡ ಊಟ ಅದು. ಹಾಗೆ ಕೇಳಿದಾಗ ಯಾರೂ ಬಡಿಸುವುದಿಲ್ಲ, ಯಾರೂ ತಿನ್ನುವುದಿಲ್ಲ. ಕೇಳಿದರೆಂದರೆ 'ಸಾಕು, ಹೊರಡಿ' ಎಂದೇ ಲೆಕ್ಕ.

"ಹನಾವಾ ಅವ್ರೇ," ಎಂದು ತೊಕುಜೊ ಕೆಮ್ಮಿದ. "ಒಂದ್ ಬಟ್ಟಲು ಚಹಾ-ಅನ್ನ ತಿಂದು ಹೋಗ್ತೀರಾ?"

"ಅಯ್ಯೋ, ನೀವು ಅಷ್ಟು ಪ್ರೀತಿಯಿಂದ ಕರೆದ್ರೆ ಇಲ್ಲ ಅನ್ನೋಕಾಗುತ್ತಾ!" ಎಂದು ಹನಾವಾ ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತ.

ಒಳಗೆ ಫುಸಾ ಗಂಡನ ಮೇಲೆ ಹರಿಹಾಯ್ದಳು. "ಏನ್ರೀ ಬಡಿಸ್ಲಿ? ಇರೋದು ನಮ್ಮಿಬ್ಬರ ಅನ್ನ."

"ಎದ್ದು ಹೋಗ್ತಾನೆ ಅಂದ್ಕೊಂಡಿದ್ದೆ ಕಣೆ."

"ಈಗ ಕೂತಿದ್ದಾನಲ್ಲ! ಹಾಕಿ ನಿಮ್ಮ ಪಾಲಿಂದು."

ಹನಾವಾ ತೊಕುಜೊನ ಪಾಲು ತಿಂದ. ಫುಸಾಳ ಪಾಲೂ ತಿಂದ. ಬಟ್ಟಲು ನೆಕ್ಕುವುದೊಂದನ್ನೇ ಬಾಕಿ ಉಳಿಸಿ, ಕಣ್ಣಲ್ಲಿ ನೀರು ತಂದುಕೊಂಡ. "ಯಜಮಾನ್ರೇ, ಈ ಉಪ್ಪಿನಕಾಯಿ, ಈ ಚಹಾ, ಈ ಅನ್ನ! ಇದೇ ನಿಮ್ಮ ಬಂಡವಾಳ!" ಎಂದವನೇ ಹಲಗೆಯೊಂದಕ್ಕೆ ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ನೇತುಹಾಕಿದ: 'ಬನ್ನಿ, ಎಲ್ಲರೂ ಚಹಾ-ಅನ್ನ ತಿಂದು ಹೋಗ್ತೀರಾ?'

ಅಂಗಡಿಯ ಬಾಗಿಲಿಗೇ 'ತೊಲಗಿ' ಎಂದು ಬರೆಸಿ ಹಾಕಿದವನನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಮೂವತ್ತು ವರ್ಷದಿಂದ ಗುರುವಾರ ತಪ್ಪದೆ ಬರುತ್ತಿದ್ದ ಮುದುಕಿಯೊಬ್ಬಳು ಹಲಗೆಯನ್ನು ಎರಡು ಸಲ ಓದಿದಳು. ಬಾಗಿಲಿಗೆ ನಮಸ್ಕಾರ ಹಾಕಿ, ಬುಟ್ಟಿ ಮಡಚಿಕೊಂಡು ವಾಪಸು ಹೋದಳು. ಅವಳ ಹಿಂದೆ ಇನ್ನಿಬ್ಬರು ಹೋದರು. ಊರು ನೋಡಲು ಬಂದ ಪರದೇಶಿಗಳು ಮಾತ್ರ ಗಡ್ಡೆಯನ್ನು ತಬ್ಬಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ನಾಲ್ಕು ಗಂಟೆಗೆ ಸರಿಯಾಗಿ ಚಿಸಾತೊ ಬಂದಳು. ಗಡ್ಡೆಯನ್ನು ನೋಡಿದಳು, ಹಾಡು ಕೇಳಿದಳು, ಹಲಗೆ ಓದಿದಳು. ತೊಕುಜೊ ಪೀಪಾಯಿಯ ಹಿಂದೆ ನಿಂತು ಬೆರಳು ಹಿಸುಕಿಕೊಳ್ಳುತ್ತಿದ್ದ.

"ಆಹಾ, ಎಷ್ಟು ಲವಲವಿಕೆ!" ಎಂದಳು ಚಿಸಾತೊ. ಸಂತೆ ಗದ್ದಲ ಅನ್ನುತ್ತಿದ್ದಾಳೆ ಎಂದುಕೊಂಡ ತೊಕುಜೊ.

"ಈ ಹಲಗೆ ನಂಗೆ ತುಂಬ ಹಿಡಿಸ್ತು." ಮಾನಗೆಟ್ಟವನು ಅನ್ನುತ್ತಿದ್ದಾಳೆ.

"ಇಂಥ ಸಲಹೆಗಾರರು ನಮಗೂ ಸಿಕ್ಕಿದ್ರೆ ಎಷ್ಟು ಚೆನ್ನಾಗಿತ್ತು!" ಮುಗಿಯಿತು. ಅಜ್ಜ ಇಟ್ಟ ಅಂಗಡಿ ಮುಳುಗಿಹೋಯಿತು.

ಆಕೆ ಹನಾವಾನಿಂದ ಒಂದು ಕಾರ್ಡು ಈಸಿಕೊಂಡು ನಗುತ್ತ ಹೊರಟಳು. ಅವಳು ತಿರುವು ದಾಟುವವರೆಗೆ ಬಗ್ಗಿದ್ದ ತೊಕುಜೊ ನೆಟ್ಟಗಾದಾಗ ಮುಖ ಕೆಂಡವಾಗಿತ್ತು.

"ಬೇಡ!"

ಎದುರಂಗಡಿಯಲ್ಲಿ ಕುಮೆಡಾನ ಕೈಯಿಂದ ಬಾಚಣಿಗೆ ಬಿತ್ತು. ಫುಸಾ ಒಳಗಿನಿಂದ ಓಡಿ ಬಂದಳು.

"ಬೇಡ, ಬೇಡ, ಬೇಡ! ಮೊದಲ್ನೇ ದಿನದಿಂದ ಬೇಡ ಅಂತಾನೇ ಹೇಳ್ತಿದೀನಿ! 'ಯೋಚನೆ ಮಾಡ್ತೀನಿ' ಅಂದ್ರೆ ಬೇಡ ಅಂತ! 'ಎಷ್ಟು ಚೆನ್ನಾಗಿ ಕೇಳ್ತದೆ' ಅಂದ್ರೆ ಬಾಯಿ ಮುಚ್ಚು ಅಂತ! 'ಇನ್ನೊಂದ್ ದಿನ ಬರ್ತೀನಿ' ಅಂದ್ರೆ ಸತ್ರೂ ಬರಲ್ಲ ಅಂತ!"

ಹನಾವಾ ಆಗಲೇ ಪುಸ್ತಕ ತೆರೆದಿದ್ದ. "ಒಂದ್ನಿಮಿಷ ಯಜಮಾನ್ರೇ. 'ಸತ್ರೂ ಬರಲ್ಲ'... ಹ್ಞಾ, ಬರ್ಕೊಂಡೆ. ಬಹಳ ಉಪಯೋಗಕ್ಕೆ ಬರೋ ವಿಷಯ. ಮುಂದೆ?"

ತೊಕುಜೊನ ಸಿಟ್ಟು ನೆತ್ತಿಗೇರಿತು. ಗಡ್ಡೆಯ ಬುಡದ ಬಿರಡೆ ಕಿತ್ತ. "ಮತ್ತೆ ಚಹಾ-ಅನ್ನ ಅಂದ್ರೆ..." ಎಂದು ಅವನು ಕೂಗಿದ್ದು ಗಡ್ಡೆಯೊಳಗಿನ ಗಾಳಿ ನಾಚಿಕೆಯಿಲ್ಲದ ಸದ್ದು ಮಾಡುತ್ತ ಹೊರಬಿದ್ದ ಅಬ್ಬರದಲ್ಲಿ ಮುಳುಗಿಹೋಯಿತು. ಅದು ನಿಲ್ಲುವಷ್ಟರಲ್ಲಿ ಹನಾವಾ ಕೋಟು ಹಾಕಿಕೊಂಡು, ಬೇಸರವೇನೂ ಇಲ್ಲದೆ ಕೈ ಬೀಸಿ, ಬೀದಿ ದಾಟಿಯಾಗಿತ್ತು.

ಐದೂವರೆಗೆ ಕವಾಸೆಮಿಯಿಂದ ಫೋನು. ಯಜಮಾನರು ಈಗಲೇ ಬರಬೇಕಂತೆ.

"ಕ್ಷಮೆ ಕೇಳ್ಕೊಂಡು ಬನ್ನಿ. ಕಾಲಿಗೆ ಬೀಳೋದಾದ್ರೂ ಬೀಳಿ" ಎಂದಳು ಫುಸಾ. ತೊಕುಜೊ ಅತ್ಯುತ್ತಮ ಪೀಪಾಯಿಯಿಂದ ಒಂದು ಜಾಡಿ ತುಂಬಿಸಿಕೊಂಡು, ದಾರಿಯುದ್ದಕ್ಕೂ ಕ್ಷಮೆಯ ಮಾತು ಉರು ಹೊಡೆಯುತ್ತ ಹೋದ. ವಸತಿಗೃಹದ ಹೊಸ್ತಿಲಲ್ಲಿ ಎದುರಾದವನನ್ನು ಕಂಡು ಎಲ್ಲವೂ ಮರೆತುಹೋಯಿತು. ಹನಾವಾ! ಕವಾಸೆಮಿಯದೇ ಚಪ್ಪಲಿ ಮೆಟ್ಟಿಕೊಂಡು ಹಲ್ಲು ಬಿಡುತ್ತ ನಿಂತಿದ್ದ.

"ಬನ್ನಿ ಯಜಮಾನ್ರೇ, ಬನ್ನಿ! ನಿಮ್ಮನ್ನೇ ಕಾಯ್ತಾ ಇದ್ವಿ. ಚಹಾ-ಅನ್ನ ತಿಂದು ಹೋಗ್ತೀರಾ?"

ತೊಕುಜೊ ಅಂದುಕೊಂಡ: ಒಂದೇ ಗಂಟೆಯಲ್ಲಿ ಇವನು ಊರಿನ ಭಾಷೆ ಕಲಿತುಬಿಟ್ಟ. ಹೊಸ್ತಿಲು ತುಳಿಯುವ ಮೊದಲೇ 'ಹೊರಡು' ಅನ್ನುತ್ತಿದ್ದಾನೆ.  ಎರಡು ಸಲ ಹೇಳಿಸಿಕೊಳ್ಳುವ ಜಾತಿ ತೊಕುಜೊನದಲ್ಲ. ಜಾಡಿಯನ್ನು ಹೊಸ್ತಿಲ ಮೇಲಿಟ್ಟು, ನಡು ಬಗ್ಗಿಸಿ, "ತುಂಬ ಸಂತೋಷ. ಇನ್ನೊಂದ್ ದಿನ ಬರ್ತೀನಿ" ಎಂದ.

ಹನಾವಾನ ನಗು ಆರಿತು. "ಇನ್ನೊಂದ್ ದಿನಾನಾ? ಖಂಡಿತಾನಾ?"

"ಖಂಡಿತ" ಎಂದು ತೊಕುಜೊ ತಿರುಗಿ ನೋಡದೆ ನಡೆದ. ಅಂಗಡಿ ಹೋದರೂ ಮರ್ಯಾದೆ ಉಳಿಯಿತಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಮನೆಯಲ್ಲಿ ಫುಸಾ ಫೋನು ಕೆಳಗಿಟ್ಟು ಅವನನ್ನೇ ನೋಡುತ್ತ ಕೂತಿದ್ದಳು. ಪಕ್ಕದಲ್ಲಿ ಕುಮೆಡಾ, ಸಾವಿನ ಮನೆಗೆ ಬಂದವನ ಮುಖ ಮಾಡಿಕೊಂಡು.

"ಚಿಸಾತೊ ಅಮ್ಮಾವ್ರು ಮಾಡಿದ್ರು" ಎಂದಳು. "ಇನ್ಮೇಲೆ ಬೆಳಗಿನ ತಿಂಡಿಗೆ ಎಲ್ಲ ಅತಿಥಿಗಳಿಗೂ ಚಹಾ-ಅನ್ನವೇ ಬಡಿಸೋದು ಅಂತ ಇದ್ರಂತೆ. ನಮ್ಮಲ್ಲಿ ನೋಡಿ ಅಷ್ಟು ಹಿಡಿಸ್ತಂತೆ. ಉಪ್ಪಿನಕಾಯಿ ಮಾತ್ರ ನಿಮ್ಮದೇ ಆಗ್ಬೇಕು ಅಂತ ಹನಾವಾ ಪಟ್ಟು ಹಿಡಿದಿದ್ರಂತೆ. ಈಗ ತಗೊಳ್ಳೋದರ ಮೂರರಷ್ಟು. ನಿಮಗೂ ಬಟ್ಟಲು ಹಾಕ್ಕೊಂಡು ಕೂತಿದ್ರಂತೆ."

"ಹಾಗಾದ್ರೆ ಆಕೆ ಹೊಗಳಿದ್ದು..."

"ಹೊಗಳಿದ್ದೇ ಕಣ್ರೀ" ಎಂದ ಕುಮೆಡಾ. "ಆಕೆ ಹೊಕ್ಕೈಡೊದವರು. ಮನಸಲ್ಲಿರೋದನ್ನೇ ಅಂತಾರೆ. ಅದೊಂದು ಕಾಯಿಲೆ ಅವರಿಗೆ."

"ಆದ್ರೆ ನೀವು ಸತ್ರೂ ಬರಲ್ಲ ಅಂದ್ರಂತೆ" ಎಂದಳು ಫುಸಾ.

"ನಾನಾ? ನಾನೆಲ್ಲಿ ಹಾಗಂದೆ? ಇನ್ನೊಂದ್ ದಿನ ಬರ್ತೀನಿ ಅಂದೆ!"

"ಎರಡಕ್ಕೂ ಅದೇ ಅರ್ಥ ಅಂತ ನೀವೇ ಬರೆಸಿದ್ರಲ್ಲ. ಹನಾವಾ ಪುಸ್ತಕ ತೆಗೆದು ಓದಿ ತೋರಿಸಿದ್ರಂತೆ. ಬಲವಂತ ಮಾಡೋದು ಬೇಡ ಅಂತ ಅಮ್ಮಾವ್ರು ಸೇತುವೆ ಆಚೆ ಅಂಗಡಿಗೆ ಹೇಳಿ ಕಳಿಸಿದ್ರಂತೆ. ನಾಳೆಯಿಂದ ಅವರದ್ದೇ. ನಮ್ಮದು ನಿಲ್ಲಿಸಿದಾರೆ."

ತೊಕುಜೊ ಪೀಪಾಯಿಯ ಮೇಲಿನ ಕಲ್ಲಿನ ಮೇಲೆ ಕುಸಿದ. "ಈಗ್ಲೇ ಓಡಿ ಹೋಗಿ ಹೇಳ್ಲಾ?" ಎಂದ.

"ಏನಂತ ಹೇಳ್ತೀರಿ?"

ತೊಕುಜೊ ಬಾಯಿ ತೆರೆದ. 'ಬೇಕು' ಎಂಬುದೂ ಎರಡೇ ಅಕ್ಷರ. ಅದೂ ಅವನಿಗೆ ರೂಢಿಯಿರಲಿಲ್ಲ. 

ಕುಮೆಡಾ ಮೆಲ್ಲಗೆ ಜಾರಿಕೊಂಡ. ಫುಸಾ ಎದ್ದು ಒಲೆಯ ಕಡೆ ಹೋದಳು. ಪಾತ್ರೆಯ ಸದ್ದಾಯಿತು. ಆಮೇಲೆ ಒಳಗಿನಿಂದ, ಸಿಟ್ಟೂ ಇಲ್ಲದ ಸಮಾಧಾನವೂ ಇಲ್ಲದ ದನಿಯಲ್ಲಿ ಕೇಳಿದಳು:

"ಏನ್ರೀ, ಚಹಾ-ಅನ್ನ ತಿಂತೀರಾ?"

ಯಾವ ಅರ್ಥದಲ್ಲಿ ಎಂದು ಕೇಳುವ ಧೈರ್ಯ ತೊಕುಜೊನಿಗೆ ಬರಲಿಲ್ಲ. ಅವನು ಎದ್ದು ಚಪ್ಪಲಿ ಹುಡುಕತೊಡಗಿದ.