ಘಾಟಿನ ಬೆನ್ನು ಹತ್ತಿದ ಮೊಮ್ಮಗಳು

ನನ್ನ ಮೊಮ್ಮಗಳು ಓದಿ ಓದಿ ತಲೆ ಕೆಡಿಸಿಕೊಂಡಿದ್ದಾಳೆ ಎಂದು ನಮ್ಮ ಓಣಿಯವರು ಹೇಳುತ್ತಾರೆ. ಇದು ಶುದ್ಧ ಸುಳ್ಳು. ಅವಳ ತಲೆ ಓದಲು ಶುರು ಮಾಡುವ ಮೊದಲೇ ಹಾಗಿತ್ತು. ಸಾಲಿಗೆ ಹಾಕಿದ ಮೇಲೆ ಅದಕ್ಕೊಂದು ಸರ್ಟಿಫಿಕೇಟು ಸಿಕ್ಕಿತು, ಅಷ್ಟೆ.

ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಕೆಲಸ. ತುಂಬು ಅಂದರೆ ತೊಟ್ಟು. ಒಣಗಿದ ಕಾಯಿ ಹಿಡಿದು ಮುರಿದರೆ ತೊಟ್ಟು ಆಚೆ, ಕಾಯಿ ಈಚೆ. ಒಂದು ಶೆಡ್ಡಿನಲ್ಲಿ ಇಪ್ಪತ್ತು ಮಂದಿ ಹೆಂಗಸರು ಕುಳಿತು ಇಷ್ಟನ್ನೇ ಮಾಡುತ್ತೇವೆ, ಸೀನುತ್ತೇವೆ, ಮತ್ತೆ ಮಾಡುತ್ತೇವೆ. ಇಂಥ ನನ್ನ ಮಗಳ ಹೊಟ್ಟೆಯಲ್ಲಿ ಒಬ್ಬ ವಿಜ್ಞಾನಿ ಹುಟ್ಟಿದಳು. ನನ್ನ ಸಂತೋಷ ಎಷ್ಟೆಂದು ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ, ಓದುತ್ತಿರಿ.

ಅವಳ ಸಂಶೋಧನೆ ಯಾವುದರಲ್ಲಿ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಮೂರು ಉತ್ತರಗಳಿವೆ. ಮೊದಲು ಭೌತಶಾಸ್ತ್ರ, ಆಮೇಲೆ ಬಾಹ್ಯಾಕಾಶ, ಈಗ ಸಮಾಜ. ಇವಳಿಗೆ ಒಂದು ಕಡೆ ನೆಟ್ಟಗೆ ಕೂಡಲು ಬರುವುದಿಲ್ಲವೇ ಎಂದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ಅವಳಪ್ಪ, ಅಂದರೆ ನನ್ನ ಅಳಿಯಂದಿರು, ಗೊಣಗುತ್ತಾರೆ. ಆದರೆ ನನಗೆ ಗೊತ್ತು, ಮೂರೂ ಕಡೆ ಅವಳು ಬೆನ್ನು ಹತ್ತಿದ್ದು ಒಂದನ್ನೇ. ಅದು ಧೂಳು.

ಹಾವೇರಿಯಲ್ಲಿ ಕಾಲೇಜು ಓದುವಾಗ ರಜೆ ಬಂದರೆ ಸೀದಾ ನನ್ನ ಮನೆಗೆ ಬರುತ್ತಿದ್ದಳು. ಆಯಿಯ ಮೇಲಿನ ಪ್ರೀತಿ ಎಂದು ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅವರ ಮನೆಗೆ ಆರ್‌ಸಿಸಿ, ನನ್ನ ಮನೆಗೆ ಬೆಳಕಿಂಡಿ! ಮಾಳಿಗೆಯ ಆ ಕಿಂಡಿಯಿಂದ ಬೀಳುವ ಬಿಸಿಲಿನಲ್ಲಿ ಧೂಳು ಕುಣಿಯುತ್ತದಲ್ಲ, ಅದನ್ನು ನೋಡುತ್ತ ಅಂಗಾತ ಮಲಗುವುದೇ ಅವಳ ಭೌತಶಾಸ್ತ್ರ. ಧೂಳು ನೆಲ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು ಬರೆದುಕೊಳ್ಳಬೇಕಂತೆ. ಅದಕ್ಕಾಗಿ ನಾಲ್ಕು ದಿನ ಕಸಬರಿಗೆ ಮುಟ್ಟಬಾರದು ಎಂದು ನನಗೆ ಕಟ್ಟಪ್ಪಣೆ.

ನಾಲ್ಕನೇ ದಿನಕ್ಕೆ ಸರಿಯಾಗಿ ಅವಳನ್ನು ನೋಡಲು ಗಂಡಿನವರು ಬಂದರು. ಹುಡುಗನ ತಾಯಿ ಒಳಗೆ ಬಂದವರೇ ಸೆಖೆ ಎಂದು ಸೆರಗು ಬೀಸಿಕೊಳ್ಳತೊಡಗಿದರು.

"ಸೆರಗ ಬೀಸಬ್ಯಾಡ್ರಿ ಅತ್ತಿ," ಎಂದಳು ಇವಳು, ಚಹಾದ ತಟ್ಟೆ ಹಿಡಿದುಕೊಂಡೇ. "ಮುಂಜಾನಿಂದ ಕಾದಮ್ಯಾಲ ಈಗ ಕೆಳಗಿಳಿಯಾಕತ್ತಾವ."

"ಏನು ಇಳಿಯಾಕತ್ತಾವ ತಂಗಿ?"

"ಧೂಳ್ರಿ. ಉಸುರೂ ಸ್ವಲ್ಪ ಸಾವಕಾಶ ಬಿಡ್ರಿ."

ಆ ತಾಯಿ ಬಿಸಿ ಚಹಾವನ್ನು ಊದದೆಯೇ ಕುಡಿದರು. ಹೊರಡುವಾಗ ಹೊಸ್ತಿಲಲ್ಲಿ ನನ್ನ ಕೈ ಹಿಡಿದು ಹೇಳಿದರು: "ಹುಡುಗಿ ಭಾಳ ಛಲೋ ಅದಾಳರಿ. ಆದ್ರ ನಮ್ಮ ಮನ್ಯಾಗ ದಿನಾ ಕಸಾ ಹೊಡೀತೇವಿ."

ಮುಂದೆ ಅವಳು ಬಾಹ್ಯಾಕಾಶದ ಕಡೆ ಹೋದಳು. ಚಂದ್ರನ ಮೇಲಿನ ಧೂಳಂತೆ. ಅಲ್ಲಿ ಗಾಳಿ ಇಲ್ಲ, ಅಂಗಡಿ ಇಲ್ಲ, ಧೂಳು ಮಾತ್ರ ಬೇಕಾದಷ್ಟು. ಅದು ಅಲ್ಲಿಗೆ ಹೋದ ಯಂತ್ರಗಳಿಗೆಲ್ಲ ಅಂಟಿಕೊಂಡು ಬಿಡುವುದೇ ಇಲ್ಲವಂತೆ. ಹೇಗೆ ಬಿಡಿಸುವುದೆಂದು ದೊಡ್ಡ ದೊಡ್ಡವರು ತಲೆ ಕೆರೆದುಕೊಳ್ಳುತ್ತಿದ್ದಾಗ ಇವಳು ನನಗೆ ಫೋನು ಮಾಡಿದಳು.

"ಆಯಿ, ಶೆಡ್ಡಿನ್ಯಾಗ ಸೀರಿಗೆ ಪುಡಿ ಹತ್ತಿದ್ರ ಏನು ಮಾಡ್ತೀರಿ?"

"ನೈಲಾನ್ ಸೀರಿ ಉಟ್ರ ಹತ್ತತೈತಿ. ಝಾಡಿಸಿದಂಗ ಮತ್ತಿಷ್ಟು ಬಂದು ಅಪ್ಕೊಂತೈತಿ. ಅದಕ್ಕ ನಾವು ನೂಲಿನ ಸೀರಿ ಉಡ್ತೇವಿ."

ನಾನು ಫೋನನ್ನು ಕಿವಿಯಿಂದ ತೆಗೆದು ನೋಡಿ, ಮತ್ತೆ ಹಚ್ಚಿಕೊಂಡೆ.

"ಫೋನ್ ಕಟ್ ಆತೇನವಾ?"

"ಇಲ್ಲ ಆಯಿ, ಬರಕೊಳ್ಳಾಕತ್ತೇನಿ."

ತಿಕ್ಕಾಟದಿಂದ ಬಟ್ಟೆಗೆ ಒಂದು ಥರದ ಕರೆಂಟು ಹತ್ತುತ್ತದೆ, ಅದೇ ಧೂಳನ್ನು ಎಳೆದುಕೊಳ್ಳುತ್ತದೆ, ಚಂದ್ರನ ಮೇಲೂ ಸುಮಾರು ಇದೇ ಕಥೆ ಎಂದು ಆಮೇಲೆ ಬಿಡಿಸಿ ಹೇಳಿದಳು. ನನಗೆ ಅಷ್ಟು ಸಾಕಾಯಿತು. ಚಂದ್ರನ ಮೇಲೆ ಯಾರೂ ನೈಲಾನ್ ಸೀರೆ ಉಟ್ಟು ಹೋಗಬಾರದೆಂದು ನನ್ನ ಮಾತಿನ ಮೇಲೆ ತೀರ್ಮಾನವಾಗಿದೆ ಎಂದು ಮರುದಿನ ಶೆಡ್ಡಿನಲ್ಲಿ ಸಾರಿದೆ. ನನ್ನ ಪಕ್ಕ ಕೂಡುವ ಗೆಳತಿ ಫಕೀರವ್ವ ಕಾಯಿ ಮುರಿಯುತ್ತಲೇ ಅಂದಳು: "ಹಂಗಾರ ನನ್ನ ಸೊಸಿ ಹೋಗೂದು ಕ್ಯಾನ್ಸಲ್."

ಇಷ್ಟಕ್ಕೇ ನಿಲ್ಲಿಸಿದ್ದರೆ ಅವಳು ನನ್ನ ಮೊಮ್ಮಗಳು ಹೇಗಾದಾಳು? ಕಳೆದ ವರ್ಷ ಬ್ಯಾಗು ಹೊತ್ತು ಬಂದು, "ಆಯಿ, ಚಂದ್ರನ್ನ ಬಿಟ್ಟೆ. ಈಗ ಪಾಲಿಸಿ ಮ್ಯಾಲ ಕೆಲಸ ಮಾಡಾಕತ್ತೇನಿ" ಎಂದಳು. ಖುಷಿಯಲ್ಲಿ ನಾನು ಓಣಿಗೆಲ್ಲ ಹೇಳಿಬಂದೆ. ಮರುದಿನದಿಂದ ಅವಳನ್ನು ಕಂಡರೆ ಮಂದಿ ಬಾಗಿಲು ಹಾಕಿಕೊಳ್ಳತೊಡಗಿದರು. ಕಿರಾಣಿ ಅಂಗಡಿಯವರು ಒಳಗಿದ್ದೂ ಇಲ್ಲವೆನ್ನಿಸಿದರು. ಅಗಡಿಯಿಂದ ನನ್ನ ತಂಗಿ ಫೋನು ಮಾಡಿ, "ನಮ್ಮ ಮನ್ಯಾಗ ಎಲ್ಲಾರದೂ ಆಗೇತಿ, ಎಮ್ಮೀದೂ ಆಗೇತಿ, ಅಕಿಗೆ ಹೇಳಿಬಿಡು" ಎಂದಳು. ಇದು ವಿಮೆಯ ಪಾಲಿಸಿ ಅಲ್ಲ, ದುಡಿಯುವ ಮಂದಿಗೆ ಎಂಥ ಸೌಕರ್ಯ ಇರಬೇಕು, ಎಂಥ ನಿಯಮ ಇರಬೇಕು ಎಂದು ಸರಕಾರಕ್ಕೆ ತಿಳಿಸುವ ಪಾಲಿಸಿ ಎಂದು ಅವಳು ಮನೆ ಮನೆಗೆ ಹೋಗಿ ಹೇಳಬೇಕಾಯಿತು. ಹೇಳಲಿಕ್ಕಾದರೂ ಅವರು ಬಾಗಿಲು ತೆಗೆಯಬೇಕಲ್ಲ?

ಅವಳು ಬಂದ ಖರೇ ಕಾರಣ ಮಾತ್ರ ನಾನು. ಎರಡು ವರ್ಷದಿಂದ ನನಗೆ ಕೆಮ್ಮು. ಘಾಟಿನಿಂದ ದೂರ ಇರಿ ಎಂದು ಡಾಕ್ಟರು ಹೇಳಿದ್ದರು. ಮಗಳು, ಅಳಿಯ ರಾಣೆಬೆನ್ನೂರಿಗೆ ಬಂದುಬಿಡು ಎಂದು ದುಂಬಾಲು ಬಿದ್ದಿದ್ದರು. ನಾನು ಒಲ್ಲೆ ಎನ್ನುತ್ತಿದ್ದೆ. ಮೂವತ್ತು ವರ್ಷದಿಂದ ಆ ಶೆಡ್ಡೇ ನನ್ನ ಪೇಪರು, ನನ್ನ ಟಿವಿ, ನನ್ನ ತವರು. ಶೆಡ್ಡಿನಲ್ಲಿ ಕೂತರೆ ಕೆಮ್ಮಿ ಸಾಯುತ್ತೇನೆ, ಮನೆಯಲ್ಲಿ ಕೂತರೆ ಮಾತಿಲ್ಲದೆ ಸಾಯುತ್ತೇನೆ, ಯಾವುದೆಂದು ನಾನೇ ಆರಿಸಿಕೊಳ್ಳುತ್ತೇನೆ ಎಂದಿದ್ದೆ.

ಮೊಮ್ಮಗಳು ನನ್ನೊಡನೆ ವಾದಕ್ಕೆ ಇಳಿಯಲಿಲ್ಲ. "ಹತ್ತು ದಿನ ಶೆಡ್ಡಿನ ಧೂಳು ಅಳೀತೇನಿ," ಎಂದಳು. "ಘಾಟು ಕಡಿಮಿ ಮಾಡಾಕ ಬಂದ್ರ ನೀ ಕೆಲಸಕ್ಕ ಹೋಗು. ಬರಲಿಲ್ಲಂದ್ರ ಸುಮ್ಮನ ರಾಣೆಬೆನ್ನೂರಿಗೆ ನಡಿ. ಕಬೂಲ?"

"ಕಬೂಲ," ಎಂದೆ.

ಅಳೆಯಲು ಒಂದು ಪುಟ್ಟ ಡಬ್ಬಿ ತಂದಿದ್ದಳು. ಅದನ್ನು ಸೊಂಟಕ್ಕೆ ಕಟ್ಟಿಕೊಂಡರೆ, ಕುತ್ತಿಗೆಯ ಹತ್ತಿರ ಬರುವ ನಳಿಕೆಯಿಂದ ನಾವು ಉಸಿರಾಡುವ ಗಾಳಿಯನ್ನೇ ಎಳೆದು ಅದರ ಧೂಳನ್ನು ಹಿಡಿದಿಡುತ್ತದೆ. ಕಟ್ಟಿಕೊಳ್ಳಲು ಯಾರೂ ಒಪ್ಪಲಿಲ್ಲ. "ಇದು ನಾವು ಮಾತಾಡಿದ್ದೆಲ್ಲಾ ಕೇಳಿಸ್ಕೊಂತೈತಿ," ಎಂದಳು ಫಕೀರವ್ವ. ಕೊನೆಗೆ ನಾನೇ ಕಟ್ಟಿಕೊಂಡೆ. ಡಬ್ಬಿ ಗುಂಯ್ ಎನ್ನುತ್ತಿತ್ತು, ಇಡೀ ಶೆಡ್ಡು ಪುರಾಣ ಕೇಳಲು ಬಂದಂತೆ ಕುಳಿತಿರುತ್ತಿತ್ತು. ಆ ಹತ್ತು ದಿನ ನಮ್ಮ ಸೊಸೆಯಂದಿರಷ್ಟು ಒಳ್ಳೆಯವರು ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ.

ಇವಳು ಮೂಲೆಯಲ್ಲಿ ಕುಳಿತು ಯಾರು ಎಷ್ಟು ಸಲ ಸೀನಿದರೆಂದು ಗೀಟು ಹಾಕುತ್ತಿದ್ದಳು. ಒಂದು ದಿನ ಶೆಡ್ಡಿನ ಸಾವಕಾರರು ಮಾರ್ಕೆಟ್ಟಿನಲ್ಲಿ ಕಾಯಿಗೆ ದರ ಕೂಗುವ ಟೆಂಡರಿಗೆ ಹೊರಟವರು ಬಾಗಿಲಲ್ಲಿ ಇಣುಕಿದರು. ಅದೇ ಹೊತ್ತಿಗೆ ಯಾರೋ ಒಂಟಿ ಸೀನು ಸೀನಿದರು. ಸಾವಕಾರರು ಎತ್ತಿದ ಕಾಲು ಇಳಿಸಿ, "ಇನ್ನೊಂದು ಆಗಲಿ ತಡೀರಿ" ಎಂದು ನಿಂತುಬಿಟ್ಟರು.

"ಏನೂ ಕಾಳಜಿ ಮಾಡಬ್ಯಾಡ್ರಿ ಕಾಕಾ," ಎಂದು ಇವಳು ಗೀಟು ತೋರಿಸಿದಳು. "ಇಲ್ಲಿ ಒಂದ ಸೀನು ಅಂತ ಇವತ್ತಿನತನಕ ಆಗಿಲ್ಲ."

ಮಾತು ಮುಗಿಯುವುದರೊಳಗೆ ಏಳು ಬಂದವು. ಸಾವಕಾರರು ಸಮಾಧಾನದಿಂದ ಹೋದರು.

ಹತ್ತು ದಿನ ಮುಗಿದು ಲೆಕ್ಕ ಬಂತು. ತಪ್ಪೆಲ್ಲ ಫ್ಯಾನಿನದು! ಗೋಡೆಯ ಕಿಂಡಿಯಲ್ಲಿ ಕೂಡಿಸಿದ್ದ ದೊಡ್ಡ ಫ್ಯಾನು ಹೊರಗಿನ ಗಾಳಿಯನ್ನು ಒಳಗೆ ಬೀಸಿ, ತಣ್ಣಗೆ ಕುಳಿತ ಪುಡಿಯನ್ನೆಲ್ಲ ಎಬ್ಬಿಸಿ ನಮ್ಮ ಮೂಗಿಗೆ ತುಂಬುತ್ತಿತ್ತು. ತಿರುವಿ ಕೂಡಿಸಿದರೆ ಒಳಗಿನದನ್ನು ಹೊರಗೆ ಎಳೆದು ಹಾಕುತ್ತದೆ. ಹೊರಗೊಂದು ಹಸಿ ಗೋಣಿತಟ್ಟು ಇಳಿಬಿಟ್ಟರೆ ಪುಡಿ ಅದಕ್ಕೆ ಹತ್ತುತ್ತದೆ. ಇಷ್ಟೇ ಕೆಲಸ. ಆದರೆ ಆ ಫ್ಯಾನಿನ ರೆಕ್ಕೆಗಳ ಮೇಲೆ ಸಾವಕಾರರು ತಮ್ಮ ತಾಯಿಯ ಹೆಸರು ಬರೆಸಿದ್ದರು, ಸ್ಮರಣಾರ್ಥ ಎಂದು. ತಿರುಗುವಾಗ ಅಕ್ಷರ ಕಾಣುವುದಿಲ್ಲವಾದ್ದರಿಂದ ಅವರು ಬಂದಾಗಲೆಲ್ಲ ಫ್ಯಾನು ಬಂದ್ ಮಾಡಿಸಿ, ಓದಿ, ಕೈಮುಗಿದು, ಮತ್ತೆ ಚಾಲೂ ಮಾಡಿಸುತ್ತಿದ್ದರು.

"ತಿರುವಿ ಹಾಕಿದ್ರ ನಮ್ಮವ್ವನ ಹೆಸರು ಹೊರಗ ಹೋಗತೈತಲ್ಲವಾ," ಎಂದರು. "ಮ್ಯಾಲ ಗೋಣಿತಟ್ಟು ಬ್ಯಾರೆ ಮುಚ್ಚತೀ ಅಂತಿ."

ನನ್ನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ರಾಣೆಬೆನ್ನೂರಿನ ಮನೆಯಲ್ಲಿ ನನ್ನ ಹಾಸಿಗೆ ಯಾವ ಮೂಲೆಗೆ ಎಂದೂ ಮನಸ್ಸಿನಲ್ಲೇ ನೋಡಿಯಾಗಿತ್ತು.

ಮೊಮ್ಮಗಳು ಲೆಕ್ಕದ ಕಾಗದ ತೆಗೆಯಲೇ ಇಲ್ಲ. "ಕಾಕಾ, ಒಳಗ ಇರೋರು ಇಪ್ಪತ್ತ ಮಂದಿ. ಎಲ್ಲಾರ ಕಣ್ಣಾಗೂ ನೀರು, ಯಾರೂ ಓದಂಗಿಲ್ಲ. ಹೊರಗಿನ ಗ್ವಾಡಿ ಮ್ಯಾಲ ಮೊಳದುದ್ದ ಅಕ್ಷರದಾಗ ಬರಸ್ರಿ. ಮಾರ್ಕೆಟ್ಟಿಗೆ ಬರೋ ಗಾಡಿಯವ್ರೆಲ್ಲಾ ಅವ್ವಾರ ಹೆಸರು ಓದ್ಕೊಂಡ ಮುಂದ ಹೋಗ್ತಾರ."

ಸಾವಕಾರರು ಫ್ಯಾನು ಬಂದ್ ಮಾಡಿಸಿ ಹೆಸರನ್ನು ಮತ್ತೊಮ್ಮೆ ಓದಿದರು. "ನಮ್ಮವ್ವಗೂ ಘಾಟು ಆಗಿಬರ್ತಿರಲಿಲ್ಲ," ಎಂದು ಮೆಲ್ಲಗೆ ಅಂದು, ಪೇಂಟರನಿಗೆ ಹೇಳಿಕಳಿಸಿದರು.

"ಒಂದು ಫ್ಯಾನು ತಿರುವಾಕ ಮೂರು ಓದು ಓದಬೇಕಿತ್ತೇನ?" ಎಂದು ಮನೆಗೆ ಬರುವಾಗ ಕೆಣಕಿದೆ.

"ಫ್ಯಾನಿಗೆ ಎರಡು ಸಾಕಾಗಿತ್ತು ಆಯಿ," ಎಂದಳು. "ಮೂರನೇದು ಸಾವ್ಕಾರ್ರಿಗೆ."

ಫ್ಯಾನು ತಿರುವಿದ ಮೇಲೆ ಮತ್ತೆ ಡಬ್ಬಿ ಕಟ್ಟಿ ಅಳೆದಳು. ಕೊನೆಯ ದಿನ ಕಾಗದ ನೋಡಿ, "ಭಾಳ ಕಡಿಮಿ ಆಗೇತಿ. ನೀ ಗೆದ್ದಿ ಆಯಿ, ಕೆಲಸಕ್ಕ ಹೋಗು" ಎಂದಳು. ಇಪ್ಪತ್ತು ಮಂದಿ ಒಮ್ಮೆಲೇ ನಕ್ಕೆವು. ಡಬ್ಬಿ ಇನ್ನು ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಫಕೀರವ್ವ ಸೊಸೆಯ ವಿಷಯ ಎತ್ತಿದಳು.

ಮೊಮ್ಮಗಳು ನನ್ನ ಸೊಂಟದಿಂದ ಡಬ್ಬಿ ಬಿಚ್ಚಿಕೊಂಡಳು. ಬಿಚ್ಚಿಯಾದ ಮೇಲೂ ಏಳಲಿಲ್ಲ. ನನ್ನ ಹಿಂದೆ ಸರಿದು ಕುಳಿತು, ಬೆನ್ನಿಗೆ ಕಿವಿ ಹಚ್ಚಿದಳು.

"ಉಸುರ ತೊಗೊ ಆಯಿ."

ತೆಗೆದುಕೊಂಡೆ.

"ಬಿಡು. ಮತ್ತೊಮ್ಮೆ."

"ಡಬ್ಬಿ ಹೇಳಿತಲ್ಲ, ಕಡಿಮಿ ಆಗೇತಿ ಅಂತ. ಮತ್ಯಾಕ?"

"ಡಬ್ಬಿ ಶೆಡ್ಡಿಂದು ಹೇಳತೈತಿ. ನಿಂದು ಹೇಳಂಗಿಲ್ಲ."

ನನ್ನ ಕುಪ್ಪಸದ ಬೆನ್ನು ಒದ್ದೆಯಾಯಿತು. ಘಾಟಿಗೆ ಅವಳ ಕಣ್ಣಲ್ಲಿ ನೀರು ಬಂದಿದೆ ಎನ್ನೋಣವೆಂದರೆ, ಘಾಟು ಕಡಿಮೆ ಮಾಡಿದವಳೂ ಅವಳೇ. ನಾನು ತಿರುಗಿ ನೋಡಲಿಲ್ಲ. ಅವಳಿಗೆ ಸರಿಯಾಗಿ ಕೇಳಲೆಂದು ದೊಡ್ಡ ದೊಡ್ಡ ಉಸಿರು ತೆಗೆದುಕೊಳ್ಳುತ್ತ ಕುಳಿತೆ.